ಶೆಡ್ಡು ತೊಳೆಯುವ ಮೊದಲು ನಾನು ಅಳಿಸಿದ್ದು

ನಾನು ಕೆಲಸ ಮಾಡುವ ಮೀನಿನ ಶೆಡ್ಡಿನ ಹಿಂಭಾಗದಲ್ಲಿ ಒಂದು ಕೋಲ್ಡ್ ರೂಮ್ ಇದೆ. ಮೀನು ಕೆಡದ ಹಾಗೆ ಇಡುವ ತಣ್ಣನೆಯ ಕೋಣೆ. ಅದರ ಬಾಗಿಲು ಒಂದು ಗೇಣು ದಪ್ಪ. ಹೊರಗಡೆ ಉದ್ದನೆಯ ಹಿಡಿ, ಒಳಗಡೆ ಒಂದು ಗುಂಡು ಹಿಡಿ. ಒಳಗೆ ಯಾರಾದರೂ ಇದ್ದಾಗ ಬಾಗಿಲು ಬಿದ್ದರೆ ಆ ಗುಂಡು ಹಿಡಿಯನ್ನು ನೂಕಿ ಹೊರಗೆ ಬರಬೇಕು. ಅದು ಸಡಿಲಾಗಿದೆ, ನೂಕಿದರೆ ಸುಮ್ಮನೆ ತಿರುಗುತ್ತದೆ ಎಂದು ನನ್ನ ತಮ್ಮ ನನಗೆ ಮೂರು ಸಲ ತಿಳಿಸಿದ್ದ. ಎದುರಿಗೆ ನಿಂತು ಹೇಳಿದ್ದಲ್ಲ, ಆಫೀಸಿನ ಆ್ಯಪಿನಲ್ಲಿ ಮಾತಾಡಿ ಕಳುಹಿಸಿದ್ದ. ಮೂರಕ್ಕೂ ನಾನು ಟಿಕ್ ಹಾಕಿದ್ದೆ. ಆಮೇಲೆ ಆ ಮೂರನ್ನೂ ಇಲ್ಲದ ಹಾಗೆ ಮಾಡಿದವಳೂ ನಾನೇ.

ಗೊತ್ತಿಲ್ಲದೆ ಆದ ತಪ್ಪು ಎಂದು ಎಲ್ಲರೂ ನಂಬಿದರು. ಏಳನೇ ಕ್ಲಾಸು ಓದಿದ ಹೆಂಗಸು, ಅವಳಿಗೆ ಸೆಟ್ಟಿಂಗ್ ಎಂದರೆ ಏನು ಗೊತ್ತು ಎಂದರು. ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು.

ನಮ್ಮ ಮನೆ ಬೀಜಾಡಿಯಲ್ಲಿ. ಅಪ್ಪಯ್ಯ ದೋಣಿಗೆ ಹೋಗುತ್ತಿದ್ದರು, ಅಬ್ಬಿ, ಅಂದರೆ ನಮ್ಮಮ್ಮ, ಮೀನಿನ ಬುಟ್ಟಿ ಹಿಡಿದು ಬಸ್ಸು ಹತ್ತಿ ಹಾಲಾಡಿಯವರೆಗೆ ಹೋಗಿ ಮಾರಿ ಬರುತ್ತಿದ್ದಳು. ತಮ್ಮ ನನಗಿಂತ ಒಂಬತ್ತು ವರ್ಷ ಚಿಕ್ಕವ. ಅವನನ್ನು ನೋಡಿಕೊಳ್ಳುವವರು ಬೇಕು ಎಂದು ಏಳನೇ ಕ್ಲಾಸಿಗೆ ನನ್ನ ಶಾಲೆ ನಿಂತಿತು. ಅದರ ಬಗ್ಗೆ ನನಗೆ ಬೇಸರವೇನೂ ಇರಲಿಲ್ಲ, ಅವನೆಂದರೆ ನನಗೆ ಅಷ್ಟು ಇಷ್ಟ. ಚಿಕ್ಕವನಿರುವಾಗ ಅವನಿಗೆ ಒಂದು ಅಭ್ಯಾಸವಿತ್ತು. ಕಡಲ ಬದಿಯ ಹೊಯ್ಗೆಯಲ್ಲಿ, ಆ ಮರಳಿನಲ್ಲಿ, ಆಡುತ್ತಾ ಆಡುತ್ತಾ ಎಲ್ಲ ಮರೆತುಬಿಡುತ್ತಿದ್ದ. ಮಧ್ಯಾಹ್ನದ ಮೇಲೆ ಓಡಿ ಬಂದು, "ಅಕ್ಕ, ನಂದ್ ಊಟ ಆಯ್ತಾ?" ಎಂದು ಕೇಳುತ್ತಿದ್ದ.

"ಆಯ್ತಲೆ ಮಾರಾಯ, ಬಂಗ್ಡೆ ಸಾರ್ ಹಾಕಂಡ್ ಉಂಡದ್ದ್ ನೆಂಪಿಲ್ಯಾ?" ಎಂದರೆ ಸರಿ, ಮತ್ತೆ ಓಡುತ್ತಿದ್ದ. ಇಲ್ಲ ಎಂದರೆ ಬಟ್ಟಲು ಹಿಡಿದು ಕೂರುತ್ತಿದ್ದ. ತನ್ನ ಹೊಟ್ಟೆಯ ಮಾತನ್ನೂ ನನ್ನ ಹತ್ತಿರ ಕೇಳಿ ನಂಬುವ ಹುಡುಗ. ಊರಿನವರು ಅದನ್ನು ಹೇಳಿ ಎಷ್ಟೋ ವರ್ಷ ನಗಾಡಿದರು.

ನಾನು ಶೆಡ್ಡಿಗೆ ಸೇರಿ ಹದಿನೇಳು ವರ್ಷ. ಮೊದಲು ಮೀನು ವಿಂಗಡಿಸುವ ಕೆಲಸ, ಆಮೇಲೆ ಹೆಂಗಸರ ಮೇಲ್ವಿಚಾರಣೆ. ತಮ್ಮ ಹತ್ತನೇ ಕ್ಲಾಸು ಮುಗಿಸಿ ಒಂದೆರಡು ಕಡೆ ತಿರುಗಿ ಬಂದ ಮೇಲೆ ನಾನೇ ಸಾಹುಕಾರರಿಗೆ ಹೇಳಿ ಅವನನ್ನು ಕೋಲ್ಡ್ ರೂಮ್ ನೋಡಿಕೊಳ್ಳುವ ಕೆಲಸಕ್ಕೆ ಹಾಕಿಸಿದೆ. ಸಾಹುಕಾರರಿಗೆ ಮೂರು ಶೆಡ್ಡು: ಕುಂದಾಪುರದಲ್ಲಿ ನಮ್ಮದು, ಬೈಂದೂರು ಕಡೆ ಒಂದು, ಬ್ರಹ್ಮಾವರದಲ್ಲಿ ಒಂದು. ಮೊದಲೆಲ್ಲ ಮೂರಕ್ಕೂ ಸೇರಿ ಒಂದೇ ವಾಟ್ಸಾಪ್ ಗ್ರೂಪು. ಐಸು ಬೇಕು ಎಂಬ ಮಾತು, ಯಾರೋ ತೀರಿಕೊಂಡ ಸುದ್ದಿ, ಶುಭೋದಯದ ಹೂವು, ಬಂಗುಡೆ ಬಾಕ್ಸಿನ ಫೋಟೋ ಎಲ್ಲ ಒಂದರ ಮೇಲೊಂದು. ಸಾಹುಕಾರರ ಮಗಳು ಕಲಿತು ಬಂದು ವ್ಯವಹಾರ ನೋಡಿಕೊಳ್ಳಲು ಕೂತ ಮೇಲೆ, "ಇದ್ ಆಪ್ದಲ್ಲ" ಎಂದು ಕೆಲಸಕ್ಕೆಂದೇ ಬೇರೆ ಆ್ಯಪು ತಂದರು. ಅವರನ್ನು ನಾವು ಮೇಡಂ ಎನ್ನುತ್ತೇವೆ.

ಆ ಆ್ಯಪಿನಲ್ಲಿ ಎಲ್ಲರೂ ಒಂದೇ ಅಲ್ಲ. ಮೇಡಂ ಓನರ್. ಅವರ ಕೆಳಗೆ ಒಂದೊಂದು ಶೆಡ್ಡಿಗೆ ಒಬ್ಬ ಅಡ್ಮಿನ್. ಉಳಿದವರು ಮೆಂಬರ್. ಮೆಂಬರಿಗೆ ಮಾತಾಡಲು, ಫೋಟೋ ಹಾಕಲು ಆಗುತ್ತದೆ. ಯಾರನ್ನು ಸೇರಿಸುವುದು, ಯಾರನ್ನು ತೆಗೆಯುವುದು, ಮೆಸೇಜುಗಳನ್ನು ಎಷ್ಟು ದಿನ ಇಡುವುದು ಎಂಬುದೆಲ್ಲ ಅಡ್ಮಿನ್ ಕೈಯಲ್ಲಿ. ನಮ್ಮ ಶೆಡ್ಡಿಗೆ ನನ್ನನ್ನು ಮಾಡಿದರು. ಪದವಿ ಓದಿದ ಕ್ಲಾರ್ಕ್ ಒಬ್ಬರಿದ್ದರೂ, "ಬೆಳಿಗ್ಗೆ ಬಾಗಿಲು ತೆಗೆಯುವವರು ಅಕ್ಕ, ಅವರೇ ಇರಲಿ" ಎಂದರು ಮೇಡಂ. ನನ್ನ ಹೆಸರಿನ ಪಕ್ಕ ಒಂದು ಚಿಕ್ಕ ಕಿರೀಟದ ಗುರುತು ಬಂತು. ಆ ದಿನ ಹೆಂಗಸರು ಬಿಡಲಿಲ್ಲ.

"ಹ್ವಾಯ್ ಅಡ್ಮಿನಕ್ಕ, ನಮ್ಮನ್ನೆಲ್ಲ ತೆಗ್ದ್ ಬಿಸಾಡ್ಬೇಡಿ ಮಾರ್ರೆ!"

"ಕಿರೀಟ ಹಾಕಂಡ್ ಮೀನ್ ಹೆಚ್ಚುಕೆ ಆತ್ತಾ ಕಾಣಿ."

ನಾನು ಬೈದೆ, ಅವರ ಜೊತೆ ನಗಾಡಿದೆ. ಆದರೆ ಬಸ್ಸಿನಲ್ಲಿ ಮನೆಗೆ ಹೋಗುವಾಗ ಮೊಬೈಲ್ ತೆಗೆದು ಆ ಕಿರೀಟವನ್ನು ನಾಲ್ಕೈದು ಸಲ ನೋಡಿದೆ. ಶಾಲೆ ಬಿಟ್ಟ ಮೇಲೆ ನನಗೆ ಯಾರಾದರೂ ಕೊಟ್ಟ ಗುರುತು ಅದೊಂದೇ.

ಆ್ಯಪಿನಲ್ಲಿ ರಿಪೇರಿ ಎಂಬ ಗ್ರೂಪು ಇತ್ತು. ಏನಾದರೂ ಕೆಟ್ಟರೆ ಅಲ್ಲಿ ಹಾಕಬೇಕು. ಬರೆಯಲು ಬಾರದವರು ಮಾತಾಡಿ ಹಾಕಬಹುದು. ಅಡ್ಮಿನ್ ಅದನ್ನು ಕೇಳಿ ಮೇಡಂಗೆ ಕಳುಹಿಸಿ, ಆಮೇಲೆ ಟಿಕ್ ಹಾಕಬೇಕು. ಟಿಕ್ ಎಂದರೆ, ನಾನು ಮುಂದೆ ತಿಳಿಸಿ ಆಗಿದೆ ಎಂದು ಅರ್ಥ. ಹೀಗೆಂದು ಮೇಡಂ ನಮ್ಮನ್ನು ಕೂರಿಸಿ ಹೇಳಿಕೊಟ್ಟಿದ್ದರು. ಆ ಗ್ರೂಪನ್ನು ಅಡ್ಮಿನ್ ಬಿಟ್ಟರೆ ಬೇರೆ ಯಾರೂ ತೆಗೆದು ಕೇಳುತ್ತಿರಲಿಲ್ಲ, ಮೇಡಂ ಕೂಡ ನಾವು ಕಳುಹಿಸಿದ್ದನ್ನಷ್ಟೇ ನೋಡುತ್ತಿದ್ದರು. ತಿಂಗಳ ಕೊನೆಗೆ ಯಾವ ಶೆಡ್ಡಿನಲ್ಲಿ ರಿಪೇರಿ ಕಡಿಮೆಯೋ ಆ ಶೆಡ್ಡಿಗೆ ಎಲ್ಲರ ಎದುರು ಚಪ್ಪಾಳೆಯ ಚಿತ್ರ ಹಾಕುತ್ತಿದ್ದರು. ಎರಡು ತಿಂಗಳು ಸಾಲಾಗಿ ಆ ಚಪ್ಪಾಳೆ ನಮಗೇ ಬಂತು. ಬೈಂದೂರಿನ ಅಡ್ಮಿನ್ ಫೋನು ಮಾಡಿ, "ನಿಮ್ಮಲ್ಲ್ ಎಂತದೂ ಹಾಳಾತೇ ಇಲ್ಯಾ?" ಎಂದು ಕೇಳಿದಾಗ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ತಮ್ಮನ ಮೊದಲ ಮಾತು ಆಗಲೇ ಬಂದದ್ದು. ಮೂರೂ ನನಗೆ ಈಗಲೂ ಬಾಯಿಪಾಠ ಬರುತ್ತವೆ.

"ಅಕ್ಕ, ಕೋಲ್ಡ್ ರೂಮಿನ್ ಒಳ್ಗಿನ್ ಹಿಡಿ ಸಡ್ಲ ಆಯ್ತ್. ಒಂಚೂರ್ ಹೇಳ್ ಅವ್ರಿಗೆ."

ಬಂಗುಡೆ ಚೆನ್ನಾಗಿ ಬರುತ್ತಿದ್ದ ಸಮಯ. ಮೆಕ್ಯಾನಿಕ್ ಬಂದರೆ ಒಂದು ದಿನ ಕೋಲ್ಡ್ ರೂಮ್ ನಿಲ್ಲಿಸಬೇಕಾಗಬಹುದು ಎಂದುಕೊಂಡೆ. ತಮ್ಮನ ದೂರು ಒಂದೆರಡಲ್ಲ. ಪೈಪು ಸೋರುತ್ತದೆ, ಲೈಟು ಮಿಣಮಿಣ ಎನ್ನುತ್ತದೆ, ಏನಾದರೂ ಇದ್ದದ್ದೇ. ಟಿಕ್ ಹಾಕಿದೆ. ಮೇಡಂಗೆ ಕಳುಹಿಸಲಿಲ್ಲ.

ಎರಡು ವಾರ ಬಿಟ್ಟು ಎರಡನೆಯದು: "ಅಕ್ಕ, ಅವತ್ ಹೇಳದ್ದ್ ಎಂತ ಆಯ್ತ್? ಇವತ್ತ್ ನೂಕ್ರೂ ಬಾಗ್ಲ್ ತೆಗಿಲಿಲ್ಲೆ. ಹೊರ್ಗಿದ್ದವ್ರನ್ನ ಕೂಗ್ಕಾಯ್ತ್." ಅದಕ್ಕೂ ಟಿಕ್.

ಮೂರನೆಯದರಲ್ಲಿ ಅವನು ನಗಾಡುತ್ತಾ ಮಾತಾಡಿದ್ದ. ಹಿಂದೆ ಕಂಪ್ರೆಸರಿನ ಶಬ್ದ. "ಹ್ವಾಯ್ ಅಡ್ಮಿನಮ್ಮ, ನೀನ್ ಟಿಕ್ ಹಾಕ್ರೆ ಹಿಡಿ ಸರಿ ಆತ್ತಾ? ಯಾರಾರೂ ಒಳ್ಗ್ ಸಿಕ್ಕಂಡ್ರೆ ಎಂತ ಮಾಡುದ್?"

ನನಗೆ ಸಿಟ್ಟು ಬಂತು. ಯಾರು ಬೇಕಾದರೂ ತೆಗೆದು ಕೇಳಬಹುದಾದ ಗ್ರೂಪಿನಲ್ಲಿ ಅಡ್ಮಿನಮ್ಮ ಎಂದನಲ್ಲ ಎಂದು. ಟಿಕ್ ಹಾಕಿ ಮೊಬೈಲ್ ಬದಿಗಿಟ್ಟೆ.

ಇನ್ನು ಶೆಡ್ಡು ತೊಳೆಯುವ ಸಂಗತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಜೂನ್ ಒಂದರಿಂದ ಎರಡು ತಿಂಗಳು ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೇ ಕೊನೆಯ ದಿನ ನಾವು ಶೆಡ್ಡನ್ನು ಮೂಲೆ ಮೂಲೆ ಬಿಡದೆ ಬ್ಲೀಚಿಂಗ್ ಪುಡಿ ಹಾಕಿ ತೊಳೆಯುತ್ತೇವೆ. ಬಾಗಿಲ ಬಳಿ ಒಂದು ಕರಿ ಹಲಗೆ ಇದೆ. ವರ್ಷವಿಡೀ ಯಾರು ಯಾರ ಬಗ್ಗೆ ಏನು ದೂರು ಬರೆಸಿದ್ದರೋ ಎಲ್ಲ ಅದರ ಮೇಲೆ. ಕೊನೆಗೆ ಶೆಡ್ಡಿನ ಎಲ್ಲರಿಗಿಂತ ಹಿರಿಯ ಹೆಂಗಸು ಒದ್ದೆ ಬಟ್ಟೆಯಿಂದ ಆ ಹಲಗೆಯನ್ನು ಒರೆಸುತ್ತಾಳೆ. ಆಮೇಲೆ ಚಾ, ಗೋಳಿಬಜೆ. ಒರೆಸಿದ ಮೇಲೆ ಹೋದ ಸೀಸನ್ನಿನ ಮಾತನ್ನು ಯಾರೂ ಎತ್ತಬಾರದು. ಎತ್ತಿದವರನ್ನು ಉಳಿದವರು ಸೇರಿ ಬಾಯಿ ಮುಚ್ಚಿಸುತ್ತಾರೆ. ಸಾಹುಕಾರರ ಅಪ್ಪನ ಕಾಲದಿಂದ ಹೀಗೆಯೇ.

ಆ್ಯಪು ಬಂದ ಮೇಲೂ ಮೇಡಂ ಇದನ್ನು ಬಿಡಲಿಲ್ಲ. ಸಾವಿರಾರು ಫೋಟೋ ತುಂಬಿ ಭಾರವಾಗುತ್ತದಲ್ಲ, ಬೇಕಾದದ್ದನ್ನು ಆಫೀಸಿನ ಕಂಪ್ಯೂಟರಿನಲ್ಲಿ ತೆಗೆದಿಟ್ಟುಕೊಂಡು ತೊಳೆಯುವ ದಿನ ಹಳೆಯದನ್ನೆಲ್ಲ ಹೋಗಲು ಬಿಡೋಣ ಎಂದರು. ಸೆಟ್ಟಿಂಗಿನಲ್ಲಿ, ಮೆಸೇಜ್ ಎಷ್ಟು ದಿನ ಇರಬೇಕು ಎಂಬ ಕಡೆ 'ಯಾವಾಗಲೂ' ಎಂದು ಇರುತ್ತದೆ. ಅಡ್ಮಿನ್ ಅದನ್ನು 'ಒಂದು ದಿನ' ಮಾಡಬೇಕು. ರಾತ್ರಿ ಹನ್ನೆರಡಕ್ಕೆ ಹಳೆಯದೆಲ್ಲ ತಾನಾಗಿ ಹೋಗುತ್ತದೆ, ಎಲ್ಲರ ಮೊಬೈಲಿನಿಂದಲೂ. ಮಾರನೇ ದಿನ ಮತ್ತೆ 'ಯಾವಾಗಲೂ'. "ಹನ್ನೆರಡರ ಒಳ್ಗೆ ಮನ್ಸ್ ಬದ್ಲಾಯ್ಸಿ ವಾಪಸ್ ಹಾಕ್ರೆ ಎಂತದೂ ಹೋಪುದಿಲ್ಲೆ ಅಕ್ಕ, ಹೆದ್ರಬೇಡಿ," ಎಂದು ನನಗೆ ಬಿಡಿಸಿ ಬಿಡಿಸಿ ಹೇಳಿದ್ದರು. ಹಿಂದಿನ ವರ್ಷ ನಾನೇ ಮಾಡಿದ್ದೆ. ಒಂದೂ ತಪ್ಪಿರಲಿಲ್ಲ.

ಆ ದಿನ ಮೇ ತಿಂಗಳ ಇಪ್ಪತ್ತೆರಡು. ತೊಳೆಯಲು ಇನ್ನೂ ಒಂಬತ್ತು ದಿನ ಇತ್ತು, ಆಫೀಸಿನ ಕಂಪ್ಯೂಟರಿಗೆ ಇನ್ನೂ ಏನನ್ನೂ ತೆಗೆದಿಟ್ಟಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮಲ್ಲಿ ಹಿರಿಯಳಾದ ಹೆಂಗಸು, ಹಲಗೆ ಒರೆಸುವವಳು, ನಾವೆಲ್ಲ ದೊಡ್ಡಮ್ಮ ಎನ್ನುವವಳು, ಖಾಲಿ ಟ್ರೇ ತರಲು ಕೋಲ್ಡ್ ರೂಮಿಗೆ ಹೋದಳು. ಬಾಗಿಲು ತೆರೆದೇ ಇತ್ತು. ತಮ್ಮ ಆ ಕಡೆಯಿಂದ ಬಂದ. ಬಾಗಿಲು ತೆರೆದಿಡಬಾರದು ಎಂಬುದು ಕ್ರಮ. "ಒಳ್ಗ್ ಯಾರಾರೂ ಇದ್ರ್ಯಾ?" ಎಂದು ಕೂಗಿದ. ಕ್ರೇಟುಗಳ ಹಿಂದಿದ್ದ ಅವಳಿಗೆ ಕಂಪ್ರೆಸರಿನ ಶಬ್ದದಲ್ಲಿ ಕೇಳಲಿಲ್ಲ. ಬಾಗಿಲು ಹಾಕಿ ಊಟಕ್ಕೆ ಬಂದ.

ನಾವು ಉಂಡೆವು. ದೊಡ್ಡಮ್ಮ ಕಾಣುವುದಿಲ್ಲವಲ್ಲ ಎಂದರೆ, ಮನೆಗೆ ಹೋಗಿರಬೇಕು ಎಂದರು ಯಾರೋ. ಕೈ ತೊಳೆದು ಹೋಗಿ ಬಾಗಿಲು ತೆಗೆದವನೂ ತಮ್ಮನೇ. ಅವಳು ಬಾಗಿಲ ಬುಡದಲ್ಲಿ ಮುದುಡಿ ಕೂತಿದ್ದಳಂತೆ, ಕೈಯಲ್ಲಿ ಆ ಗುಂಡು ಹಿಡಿ. ಅದು ಕಿತ್ತು ಕೈಗೆ ಬಂದಿತ್ತು. ಅವನು ಅವಳನ್ನು ಎತ್ತಿಕೊಂಡು ಬಿಸಿಲಿಗೆ ಓಡಿ ಬಂದ. ಅವಳ ತುಟಿ ನೀಲಿಯಾಗಿತ್ತು. ಹಲ್ಲು ಕಟಕಟ ಎನ್ನುತ್ತಿತ್ತು. ಜೀವಕ್ಕೆ ಏನೂ ಆಗಲಿಲ್ಲ, ಆದರೆ ಬಲಗೈಯ ಎರಡು ಬೆರಳಿಗೆ ಇವತ್ತಿಗೂ ಸರಿಯಾಗಿ ಸ್ಪರ್ಶ ತಿಳಿಯುವುದಿಲ್ಲ.

ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ತಮ್ಮನೂ ಜೊತೆಗೆ ಹೋದ. ಶೆಡ್ಡಿನಲ್ಲಿ ಯಾರಿಗೂ ಕೆಲಸ ಬೇಕಿರಲಿಲ್ಲ, ಎಲ್ಲರೂ ಹೊರಗೆ ನಿಂತು ಮಾತಾಡುತ್ತಿದ್ದರು. ನಾನು ಒಳಗೆ ತೂಕದ ಮೇಜಿನ ಹತ್ತಿರ ಕೂತು ರಿಪೇರಿ ಗ್ರೂಪು ತೆಗೆದೆ. ಮೂರು ಮಾತು, ಮೂರು ಟಿಕ್. ಟಿಕ್‌ನ ಪಕ್ಕ ನನ್ನ ಹೆಸರು. ಮೂರನೆಯದನ್ನು ಕಿವಿಗೆ ಹಿಡಿದು ಕೇಳಿದೆ. ಯಾರಾರೂ ಒಳ್ಗ್ ಸಿಕ್ಕಂಡ್ರೆ ಎಂತ ಮಾಡುದ್.

ಮೇಡಂ ಬಂದು ಇದನ್ನು ಕೇಳುತ್ತಾರೆ ಎಂಬುದೊಂದೇ ಆಗ ನನ್ನ ತಲೆಯಲ್ಲಿ ಇದ್ದದ್ದು. ದೊಡ್ಡಮ್ಮ ಅಲ್ಲ, ತಮ್ಮ ಅಲ್ಲ. ಸೆಟ್ಟಿಂಗಿಗೆ ಹೋದೆ. 'ಯಾವಾಗಲೂ' ಎಂಬುದನ್ನು 'ಒಂದು ದಿನ' ಮಾಡಿದೆ. ಹಳೆಯ ಮೆಸೇಜುಗಳು ಅಳಿಸಿಹೋಗುತ್ತವೆ, ಖಚಿತವೇ ಎಂದು ಅದು ಕೇಳಿತು. ಹೌದು ಒತ್ತಿದೆ. ಮೇಜಿನ ಮೇಲಿನ ಗಡಿಯಾರದಲ್ಲಿ ಮೂರೂ ಹತ್ತು.

ಸಾಯಂಕಾಲ ತಮ್ಮ ಆಸ್ಪತ್ರೆಯಿಂದ ನೇರ ನಮ್ಮ ಮನೆಗೆ ಬಂದ. ಅವನ ಮನೆ ನಮ್ಮ ಅಂಗಳದ ಆಚೆಗೇ. ಜಗಲಿಯಲ್ಲಿ ಕೂತ. ಚಾ ಕೊಟ್ಟೆ, ಕುಡಿಯಲಿಲ್ಲ.

"ಬಾಗ್ಲ್ ಹಾಕದ್ದ್ ನಾನೇ ಅಲ್ದಾ ಅಕ್ಕ," ಎಂದ.

"ನೀನ್ ಕೂಗಿ ಕೇಳಿದ್ಯಲೆ."

"ಒಳ್ಗ್ ಹೋಯಿ ಕಾಣ್ಕಿತ್ತ್." ಚಾ ಲೋಟವನ್ನು ಬದಿಗೆ ಸರಿಸಿದ. ಆಮೇಲೆ, "ನಾಳೆ ಸಾಹುಕಾರ್ರ್ ಕೇಳ್ತ್ರ್. ಕೇಳ್ಲಿ. ನಾನ್ ಮೂರ್ ಸಲ ಹೇಳದ್ದ್ ಅದ್ರಗೇ ಇತ್ತಲೆ," ಎಂದು ಮೊಬೈಲ್ ಇದ್ದ ಜೇಬು ತಟ್ಟಿದ.

ನಾನು ಹೂಂ ಎಂದೆ.

ಆಗ ಏಳು ಗಂಟೆಯೂ ಆಗಿರಲಿಲ್ಲ. ಹನ್ನೆರಡರವರೆಗೆ ನನಗೆ ಸಮಯ ಇತ್ತು. ವಾಪಸ್ 'ಯಾವಾಗಲೂ' ಮಾಡಲು ಎರಡು ಸಲ ಒತ್ತಿದರೆ ಸಾಕಿತ್ತು. ಮೊಬೈಲನ್ನು ಅಕ್ಕಿ ಡಬ್ಬದ ಮುಚ್ಚಳದ ಮೇಲೆ ಇಟ್ಟು ಪಾತ್ರೆ ತೊಳೆದೆ, ಹಾಸಿಗೆ ಹಾಸಿದೆ, ಮಲಗಿದೆ. ನಿದ್ದೆ ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬಂತು.

ಮಾರನೇ ದಿನ ಬೆಳಿಗ್ಗೆ ಸಾಹುಕಾರರು, ಮೇಡಂ ಇಬ್ಬರೂ ಬಂದರು. ಆಫೀಸ್ ಕೋಣೆಯಲ್ಲಿ ತಮ್ಮನನ್ನು, ನನ್ನನ್ನು ಕರೆದರು. ಸಾಹುಕಾರರು ಕೂಗಾಡುವ ಜನ ಅಲ್ಲ.

"ಎಂತಾ ಮಾರಾಯ, ಹೀಂಗಾ ಮಾಡುದ್?"

"ತಪ್ಪ್ ನಂದೇ ಸಾಹುಕಾರ್ರೆ. ಆರೆ ಒಳ್ಗಿನ್ ಹಿಡಿ ಸರಿ ಇದ್ದಿದ್ರೆ ಅವ್ರ್ ಹೊರ್ಗ್ ಬತ್ತಿದ್ರ್. ನಾನ್ ಮೂರ್ ಸಲ ಹೇಳಿದ್ದೆ, ರಿಪೇರಿ ಗ್ರೂಪಿನಗೆ. ಕಾಣಿ ಬೇಕಾರೆ."

ಮೇಡಂ ಮೊಬೈಲ್ ತೆಗೆದರು. ಹಿಂದೆ ಹಿಂದೆ ಸರಿಸಿದರು. ನಿನ್ನೆಯದಕ್ಕಿಂತ ಹಿಂದೆ ಏನೂ ಇರಲಿಲ್ಲ. ತಮ್ಮ ತನ್ನದನ್ನು ತೆಗೆದ. ಅದರಲ್ಲೂ ಇಲ್ಲ. ಮೊಬೈಲ್ ಆಫ್ ಮಾಡಿ ಆನ್ ಮಾಡಿದ, ಮತ್ತೆ ನೋಡಿದ.

"ಅಕ್ಕ, ಇದ್ ಎಲ್ ಹೋಯ್ತ್?" ಎಂದು ಮೇಡಂ ನನ್ನನ್ನು ಕೇಳಿದರು.

"ನಾನ್ ನಿನ್ನೆ... ತೊಳೂ ದಿನ ಹತ್ರ ಬಂತಲೆ, ಕ್ಲೀನ್ ಮಾಡುಕೆ ಹೋದೆ ಮೇಡಂ. ತೊಳೂ ದಿನಕ್ಕಿಂತ ಮೊದ್ಲೇ ಹೋತ್ತ್ ಅಂದೇಳಿ ನಂಗೆಂತ ಗೊತ್ತ್? ಏಳ್ನೇ ಕ್ಲಾಸ್ ಓದದ್ದ್ ನಾನ್."

ಮೇಡಂ ಮುಖದಲ್ಲಿ ನನ್ನ ಮೇಲೆ ಸಿಟ್ಟು ಕಾಣಲಿಲ್ಲ, ಅಯ್ಯೋ ಎಂಬ ಹಾಗೆ ಇತ್ತು. ತಾವೇ ಸರಿಯಾಗಿ ಹೇಳಿಕೊಡಲಿಲ್ಲ ಎಂದುಕೊಂಡರೋ ಏನೋ. "ಹೋಯ್ಲಿ. ಇವ ಹೇಳದ್ದ್ ಹೌದಾ ಹಾಂಗಾರೆ? ಹಿಡಿ ವಿಷಯ ನಿಮ್ಗ್ ಬಂದಿತ್ತಾ?"

ತಮ್ಮ ನನ್ನ ಕಡೆ ತಿರುಗಿದ. ಆ ಮುಖದಲ್ಲಿ ಹೆದರಿಕೆ ಸ್ವಲ್ಪವೂ ಇರಲಿಲ್ಲ. ಅಕ್ಕ ಈಗ ಹೇಳುತ್ತಾಳೆ ಎಂದು ಕಾಯುತ್ತಿದ್ದ, ಅಷ್ಟೆ.

"ನಂಗ್ ನೆಂಪಿಲ್ಲೆ," ಎಂದೆ.

ತಮ್ಮ ನನ್ನನ್ನೇ ನೋಡುತ್ತಾ, ಮೆಲ್ಲಗೆ ಕೇಳಿದ. "ಅಕ್ಕ, ನಾನ್ ಕಳ್ಸದ್ದ್ ಹೌದಲ್ದಾ?"

ಅವನು ನನ್ನ ಮೇಲೆ ಸುಳ್ಳಿನ ಆರೋಪ ಹೊರಿಸಿದ್ದಲ್ಲ. ನಿಜವಾಗಿಯೂ ಕೇಳಿದ. ನನ್ನದು ಊಟ ಆಯಿತಾ ಎಂದು ಕೇಳುತ್ತಿದ್ದ ಹಾಗೆಯೇ.

"ಕಳ್ಸಿದ್ಯೇನೋ ಮಾರಾಯ. ನಂಗಂತೂ ನೆಂಪಿಲ್ಲೆ."

ಅವನು ತಲೆ ತಗ್ಗಿಸಿ ಮೊಬೈಲನ್ನು ಜೇಬಿಗೆ ಹಾಕಿಕೊಂಡ. ಬಾಗಿಲು ಹಾಕಿದ್ದನ್ನಾದರೂ ಕ್ಷಮಿಸಬಹುದು, ಸುಳ್ಳು ಹೇಳಿ ತಪ್ಪಿಸಿಕೊಳ್ಳಲು ನೋಡಿದ್ದು ಸರಿಯಲ್ಲ ಎಂದರು ಸಾಹುಕಾರರು. ಕೆಲಸ ಹೋಯಿತು. ಅದೇ ದಿನ ಮೆಕ್ಯಾನಿಕ್ ಬಂದು ಹೊಸ ಹಿಡಿ ಹಾಕಿದ. ಅರ್ಧ ಗಂಟೆಯ ಕೆಲಸ. ಕೋಲ್ಡ್ ರೂಮ್ ನಿಲ್ಲಿಸಬೇಕಾಗಿಯೂ ಬರಲಿಲ್ಲ.

ಮಧ್ಯಾಹ್ನ ಮೇಡಂ ಮೆಸೇಜ್ ಕಳುಹಿಸಿದರು: ಅಕ್ಕ, ಅವನನ್ನು ಆ್ಯಪಿನಿಂದ ತೆಗೆಯಿರಿ. ಅಡ್ಮಿನ್ ನಾನೇ ಅಲ್ಲವೇ. ಅವನ ಹೆಸರನ್ನು ಒತ್ತಿ ಹಿಡಿದೆ, 'ತೆಗೆಯಿರಿ' ಎಂದು ಕೆಂಪು ಅಕ್ಷರದಲ್ಲಿ ಬಂತು. ತೆಗೆದೆ. ಎಂಟು ದಿನದ ಮೇಲೆ ಶೆಡ್ಡು ತೊಳೆದೆವು. ದೊಡ್ಡಮ್ಮ ಎಡಗೈಯಲ್ಲಿ ಹಲಗೆ ಒರೆಸಿದಳು. ಅದರೊಂದಿಗೆ ತಮ್ಮನ ವಿಷಯವೂ ಎತ್ತಬಾರದ ಮಾತುಗಳ ಸಾಲಿಗೆ ಸೇರಿತು. ಆ ಕ್ರಮ ನನಗೆ ಆ ವರ್ಷ ಎಷ್ಟು ಅನುಕೂಲವಾಯಿತು ಎಂದು ನೆನೆದರೆ ಗೋಳಿಬಜೆಯ ಎಣ್ಣೆ ವಾಸನೆಯೂ ಈಗ ನನಗೆ ಆಗುವುದಿಲ್ಲ.

ತಮ್ಮನಿಗೆ ಬ್ರಹ್ಮಾವರದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ನನ್ನ ಮೇಲೆ ಅವನು ಮುನಿಸಿಕೊಳ್ಳಲಿಲ್ಲ. ಮುನಿಸಿಕೊಂಡಿದ್ದರೆ ಒಳ್ಳೆಯದಿತ್ತು. ಅವನು ತನ್ನ ಮೇಲೆಯೇ ನಂಬಿಕೆ ಬಿಟ್ಟ. ಗ್ಯಾಸ್ ಆಫ್ ಮಾಡಿ ಬಂದವನು ಮತ್ತೆ ಎದ್ದು ಹೋಗಿ ನೋಡುತ್ತಿದ್ದ. ಬಾಗಿಲಿಗೆ ಚಿಲಕ ಹಾಕಿ ಹೆಂಡತಿಯನ್ನು ಕರೆದು, "ಹಾಕ್ದೆ ಅಲ್ದಾ? ನೀನ್ ಕಂಡ್ಯಾ?" ಎನ್ನುತ್ತಿದ್ದ. ಅಂಗಡಿಯ ಶಟರ್ ಎಳೆದು ಬೀಗ ಹಾಕಿ ಬಸ್‌ಸ್ಟ್ಯಾಂಡಿನವರೆಗೆ ಬಂದು, ಬಸ್ಸು ಬಿಟ್ಟು, ವಾಪಸ್ ಹೋಗಿ ಬೀಗ ಎಳೆದು ನೋಡುತ್ತಾನಂತೆ.

ಅವನ ಹೆಂಡತಿ ನನ್ನ ಹತ್ತಿರ ಬಂದು ಹೇಳಿದಳು. "ಅತ್ತಿಗೆ, ಇವ್ರಿಗ್ ಎಂತ ಆಯ್ತ್ ಅಂದೇಳಿ ಗೊತ್ತಾತಿಲ್ಲೆ. ಒಂದ್ ಸಲ ಹೇಳ್ತ್ರ್, ನಾನ್ ಕಳ್ಸಿದ್ದೆ ಅಂತ. ಇನ್ನೊಂದ್ ಸಲ ಹೇಳ್ತ್ರ್, ಕಳ್ಸುಕೆ ಅಂದೇಳಿ ಮಾಡಿದ್ದೆ, ಕಳ್ಸುಕ್ ಮರ್ತೆನೋ ಏನೋ, ಅಕ್ಕನಿಗೇ ನೆಂಪಿಲ್ಲೆ ಅಂದ್ರೆ ಕಳ್ಸಲಿಲ್ಲೆ ಕಾಣತ್ತ್ ಅಂತ."

ನಾನು ಅವಳಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದು ಬುದ್ಧಿ ಹೇಳಿ ಕಳುಹಿಸಿದೆ.

ಆಗಸ್ಟಿನಲ್ಲಿ ಶೆಡ್ಡು ಮತ್ತೆ ತೆರೆಯಿತು. ದೊಡ್ಡಮ್ಮ ಬಂದಳು, ಆದರೆ ಕೋಲ್ಡ್ ರೂಮಿನ ಕಡೆ ಸುಳಿಯುತ್ತಿರಲಿಲ್ಲ. ಒಂದು ದಿನ ನನ್ನ ಪಕ್ಕ ಕೂತು ಸಿಗಡಿ ಸುಲಿಯುತ್ತಾ ಅಂದಳು. "ಹೆಣ್ಣೇ, ನಿನ್ ತಮ್ಮನ್ ಮೇಲ್ ನಂಗ್ ಸಿಟ್ಟಿಲ್ಲೆ ಕಾಣ್. ಎತ್ಕಂಡ್ ಓಡದ್ದೂ ಅವನೇ. ಆರೆ ಹೇಳ್ದೆ ಹೇಳ್ದೆ ಅಂದೇಳಿ ಸುಳ್ಳ್ ಹೇಳದ್ದ್ ಸರಿಯಲ್ಲ."

"ಹೋದ್ ಸೀಸನಿನ್ ಮಾತ್ ಎಂತಕೆ ದೊಡ್ಡಮ್ಮ," ಎಂದೆ. ಅವಳು ನಾಲಿಗೆ ಕಚ್ಚಿಕೊಂಡು ಇನ್ನೊಂದು ಸಿಗಡಿ ಎತ್ತಿಕೊಂಡಳು.

ಆ ವಾರವೇ ಮೇಡಂ ಮೂರೂ ಶೆಡ್ಡಿನ ಅಡ್ಮಿನುಗಳನ್ನು ಕುಂದಾಪುರದ ಆಫೀಸಿಗೆ ಕರೆದರು. ಆ್ಯಪಿನ ಕೆಲಸ ಕಲಿಸುವವನೊಬ್ಬ ಬಂದಿದ್ದ, ಗೋಡೆಯ ಟಿವಿಯಲ್ಲಿ ತೋರಿಸುತ್ತಿದ್ದ. ಇನ್ನು ಮುಂದೆ ಮೂರೂ ಕಡೆಗೆ ನನ್ನನ್ನೇ ಮೇಲಿನ ಅಡ್ಮಿನ್ ಮಾಡುವುದೆಂದು ಮೇಡಂ ಮೊದಲೇ ಹೇಳಿದ್ದರು. "ಒಂದ್ ತಪ್ಪ್ ಆಯ್ತ್, ಆರೆ ಅಕ್ಕನಷ್ಟ್ ನಂಬ್ಕೆಯವ್ರ್ ನಂಗ್ ಬೇರೆ ಇಲ್ಲೆ," ಎಂದಿದ್ದರು.

ಕಲಿಸುವವನು ಟಿವಿಯಲ್ಲಿ ಒಂದು ಪಟ್ಟಿ ತೆಗೆದ. "ಇದು ಲಾಗ್. ಯಾವ ಅಡ್ಮಿನ್, ಯಾವ ದಿನ, ಎಷ್ಟು ಗಂಟೆಗೆ, ಯಾವ ಸೆಟ್ಟಿಂಗ್ ಬದಲಾಯಿಸಿದ್ದಾರೆ ಅಂತ ಇದರಲ್ಲಿ ಇರುತ್ತದೆ. ಮೆಸೇಜ್ ಅಳಿಸಿದರೂ ಇದು ಅಳಿಯುವುದಿಲ್ಲ. ಓನರ್‌ಗೂ ಅಳಿಸಲು ಆಗುವುದಿಲ್ಲ," ಎಂದು ಕೆಳಗೆ ಸರಿಸಿದ. ಅಲ್ಲಿ ನನ್ನ ಹೆಸರು. ಮೇ ಇಪ್ಪತ್ತೆರಡು, ಮೂರೂ ಹತ್ತು, ಯಾವಾಗಲೂ ಎಂಬುದರಿಂದ ಒಂದು ದಿನ. ಗೋಡೆಯ ಮೇಲೆ ಅಷ್ಟು ದೊಡ್ಡ ಅಕ್ಷರದಲ್ಲಿ. ದೊಡ್ಡಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಒಂದು ಗಂಟೆಯೂ ಕಳೆದಿರಲಿಲ್ಲ. ಆ ಹೊತ್ತಿನಲ್ಲಿ ಯಾರು ತಾನೇ ಶೆಡ್ಡು ತೊಳೆಯುವ ಯೋಚನೆ ಮಾಡುತ್ತಾರೆ? ಮೇಡಂ ಸರಿಯಾಗಿ ಓದಿದ್ದರೆ ಆಗಲೇ ತಿಳಿಯುತ್ತಿತ್ತು. ಅವರು ಚಾ ತರಿಸಲು ಆ ಕಡೆ ತಿರುಗಿದ್ದರು. ಅವನು ಮುಂದಿನದಕ್ಕೆ ಹೋದ.

ನಾನು ತಪ್ಪಿಸಿಕೊಂಡೆ. ಆದರೆ ಬಂದ ಚಾವನ್ನು ಕುಡಿಯದೆ ಹಾಗೆಯೇ ಇಟ್ಟೆ. ಆ ಸಾಲು ಅಲ್ಲೇ ಇರುತ್ತದೆ, ನಾನು ಸತ್ತ ಮೇಲೂ ಇರುತ್ತದೆ. ಅದಕ್ಕಿಂತ ಹೆಚ್ಚಾಗಿ ಒಂದು ಮಾತು ನನ್ನನ್ನು ಹಿಡಿಯಿತು: ತಮ್ಮನ ಮಾತು ನಿಜ ಎಂದು ಹೇಳಲು ಲೋಕದಲ್ಲಿ ಉಳಿದಿರುವುದು ಎರಡೇ, ಆ ಸಾಲು ಮತ್ತು ನಾನು.

ಅಲ್ಲಿಂದ ನೇರ ಬ್ರಹ್ಮಾವರದ ಬಸ್ಸು ಹತ್ತಿದೆ. ತಮ್ಮ ಅಂಗಡಿ ಮುಚ್ಚುವ ಹೊತ್ತು. ಬಕೆಟುಗಳನ್ನು ಒಳಗಿಡುತ್ತಿದ್ದ.

"ಎಂತ ಅಕ್ಕ, ಇಲ್ಲಿ? ಮನೆಗ್ ಎಂತಾರೂ ಆಯ್ತಾ?"

ಮೊಬೈಲಿನಲ್ಲಿ ಆ ಲಾಗ್ ತೆಗೆದು ಅವನ ಕೈಗೆ ಕೊಟ್ಟೆ. ಅವನು ಓದಿದ. ಮತ್ತೆ ಓದಿದ. ನಾನು ನಿಂತಲ್ಲೇ ಎಲ್ಲ ಹೇಳಿದೆ. ಟಿಕ್ ಹಾಕಿ ಕಳುಹಿಸದೆ ಇದ್ದದ್ದು, ಗೊತ್ತಿದ್ದೇ ಅಳಿಸಿದ್ದು, ಅವನು ನಮ್ಮ ಜಗಲಿಯಲ್ಲಿ ಕೂತು ಜೇಬು ತಟ್ಟಿದಾಗಲೂ ವಾಪಸ್ ಮಾಡಬಹುದಾಗಿದ್ದದ್ದು. ಬೈಯುತ್ತಾನೆ, ಹೊಡೆದರೂ ಹೊಡೆಯುತ್ತಾನೆ ಎಂದುಕೊಂಡಿದ್ದೆ.

"ಹಾಂಗಾರೆ ನಾನ್ ಕಳ್ಸಿದ್ದೆ," ಎಂದ.

"ಹೌದ್."

"ಮೂರ್ ಸಲ?"

"ಮೂರ್ ಸಲ. ಮೂರ್ನೇದ್ರಗೆ ನೀನ್ ನಂಗೆ ಅಡ್ಮಿನಮ್ಮ ಅಂದಿದ್ದೆ."

ಅವನ ಮುಖ ಸಡಿಲಾಯಿತು. ಏನೋ ಕೈತಪ್ಪಿ ಹೋದದ್ದು ಸಿಕ್ಕಿದವರ ಮುಖ ಹಾಗೆ ಆಗುತ್ತದೆ. ಅದು ಒಂದು ನಿಮಿಷವೂ ಇರಲಿಲ್ಲ. ಆಮೇಲೆ ನನ್ನನ್ನು ನೋಡಿದ. ಅಷ್ಟು ವರ್ಷದಲ್ಲಿ ನಾನು ಕಾಣದ ಕಣ್ಣು.

"ಯಾರ್‍ಯಾರಿಗ್ ಹೇಳ್ದೆ?"

"ಮೊದ್ಲ್ ನಿಂಗೇ."

"ನಂಗ್ ಹೇಳಿ ಎಂತ ಮಾಡುದ್? ನಾನ್ ಅದ್ರಗ್ ಇಲ್ಲೆ ಅಲ್ದಾ. ನೀನೇ ತೆಗ್ದದ್ದ್."

ಮೊಬೈಲನ್ನು ನನ್ನ ಕೈಗೆ ಇಟ್ಟು ಶಟರ್ ಎಳೆದ. ಬೀಗ ಹಾಕಿದ. ಬಸ್‌ಸ್ಟ್ಯಾಂಡಿನ ಕಡೆ ನಡೆದ. ಅವನು ಬೀಗ ನೋಡಲು ತಿರುಗಿ ಬರುತ್ತಾನೆ ಎಂದು ನಾನು ಅಲ್ಲೇ ನಿಂತಿದ್ದೆ. ಬರಲಿಲ್ಲ. ನನ್ನನ್ನು ನೋಡಲೂ ತಿರುಗಲಿಲ್ಲ.

ಮಾರನೇ ದಿನ ಬೆಳಿಗ್ಗೆ, ಹೆಂಗಸರು ಬರುವ ಮೊದಲು, ಮೂರೂ ಶೆಡ್ಡಿನವರು ಇರುವ ದೊಡ್ಡ ಗ್ರೂಪಿನಲ್ಲಿ ನಾನು ಮಾತಾಡಿ ಹಾಕಿದೆ. ಬರೆಯಬಹುದಿತ್ತು. ಆದರೆ ಅವನು ಮಾತಾಡಿದ್ದನ್ನು ನಾನು ಅಳಿಸಿದ್ದು, ಅದಕ್ಕೆ ನನ್ನ ಧ್ವನಿಯಲ್ಲೇ ಇರಲಿ ಎನಿಸಿತು. ಅವನ ಮೂರೂ ಮಾತನ್ನು ಅವನು ಹೇಳಿದ ಹಾಗೆಯೇ ಹೇಳಿದೆ. ಆಮೇಲೆ ಲಾಗಿನ ಆ ಸಾಲಿನ ಫೋಟೋ ಹಾಕಿದೆ. ನಾನು ಓದಿದ್ದು ಏಳನೇ ಕ್ಲಾಸು, ಆದರೆ ಈ ಕೆಲಸ ಗೊತ್ತಿದ್ದೇ ಮಾಡಿದ್ದು ಎಂದೂ ಹೇಳಿದೆ. ಅಡ್ಮಿನ್ ಸ್ಥಾನ ಬಿಡಲು ಹೋದರೆ ಆ್ಯಪು ಬಿಡಲಿಲ್ಲ. ಬೇರೊಬ್ಬರನ್ನು ಮಾಡದೆ ಹೋಗುವಂತಿಲ್ಲ ಎಂದಿತು. ಮೇಡಂ ಬರುವವರೆಗೆ ಕಾದೆ. ಅವರು ಬಂದು ನನ್ನ ಹತ್ತಿರ ಒಂದು ಮಾತೂ ಆಡದೆ ಕ್ಲಾರ್ಕನ್ನು ಅಡ್ಮಿನ್ ಮಾಡಿದರು. ನನ್ನ ಕಿರೀಟ ಹೋಯಿತು. ಸಾಹುಕಾರರು ತಮ್ಮನ ಮನೆಗೇ ಹೋಗಿ ಕರೆದರು. ಅವನು ಕೂರಿಸಿ ಚಾ ಕೊಟ್ಟು, ಬರುವುದಿಲ್ಲ ಎಂದನಂತೆ. ದೊಡ್ಡಮ್ಮ ಮಾತ್ರ ಅವನ ಮನೆಗೆ ಹೋಗಿ ಒಂದು ಗಂಟೆ ಕೂತು ಬಂದಳು. ಏನು ಮಾತಾಡಿದರೋ ನನಗೆ ಹೇಳಲಿಲ್ಲ.

ನಾನು ಈಗ ಮತ್ತೆ ಮೀನು ವಿಂಗಡಿಸುತ್ತೇನೆ. ಹೆಂಗಸರು ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಾರೆ. ಈ ವರ್ಷ ಶೆಡ್ಡು ತೊಳೆದ ದಿನ ದೊಡ್ಡಮ್ಮ ಹಲಗೆ ಒರೆಸಿ, ನನ್ನ ಕಡೆ ನೋಡಿ, "ಇದ್ ಒರ್ಸುಕಾತ್ತಿಲ್ಲೆ," ಎಂದಳು. ಯಾರೂ ಅವಳ ಬಾಯಿ ಮುಚ್ಚಿಸಲಿಲ್ಲ.

ತಮ್ಮ ನನ್ನ ಹತ್ತಿರ ಮಾತಾಡದೆ ಒಂದು ವರ್ಷದ ಮೇಲಾಯಿತು. ಅಂಗಳದಲ್ಲಿ ಎದುರಾದರೆ ಬದಿಗೆ ಸರಿದು ಹೋಗುತ್ತಾನೆ. ಮೊನ್ನೆ ಅವನ ಹೆಂಡತಿ ಬೇಲಿಯ ಹತ್ತಿರ ಬಟ್ಟೆ ಒಣಗಿಸುತ್ತಿದ್ದಳು. ಅವನು ಹೇಗಿದ್ದಾನೆ ಎಂದು ಕೇಳಿದೆ. ಅವಳು ಬಕೆಟಿಗೆ ಬಗ್ಗಿದಳು. ಆಮೇಲೆ ಬಟ್ಟೆ ಹಿಂಡುತ್ತಾ, ನನ್ನನ್ನು ನೋಡದೆ ಅಂದಳು.

"ಅಡ್ಡಿಲ್ಲೆ ಅತ್ತಿಗೆ. ಈಗ ಬಾಗ್ಲ್ ಒಂದೇ ಸಲ ಹಾಕ್ತ್ರ್. ನನ್ ಹತ್ರ ಕೇಳುದಿಲ್ಲೆ."